ಕೆಳದವಡೆಯ ಸೆಟ್ಟಿಗೆ ಎರಡು ಇಂಪ್ಲಾಂಟ್: ಬಾಲ್, ಲೊಕೇಟರ್, ಬಾರ್, ಮ್ಯಾಗ್ನೆಟ್‌ಗಳಲ್ಲಿ ಮೂಳೆಗೆ ಹಗುರ ಯಾವುದು?

ಕೆಳಗಿನ ಹಲ್ಲುಸೆಟ್ಟು ನಿಲ್ಲುವುದಿಲ್ಲ ಎನ್ನುವವರಿಗೆ ಕೋರೆಹಲ್ಲಿನ ಜಾಗದಲ್ಲಿ ಆಚೆಗೊಂದು ಈಚೆಗೊಂದು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಲೋಹದ ಕೃತಕ ಬೇರು) ಹಾಕಿ, ಸೆಟ್ಟು ಅವುಗಳ ಮೇಲೆ ಟಕ್ಕೆಂದು ಕೂರುವಂತೆ ಮಾಡುವ ಚಿಕಿತ್ಸೆ ಈಗ ಶಿವಮೊಗ್ಗದಲ್ಲೇ ಸಿಗುತ್ತದೆ. ಒಂದೂ ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕು ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಒಮ್ಮತಕ್ಕೆ ಬಂದರು. 2009ರ ಯಾರ್ಕ್ ಹೇಳಿಕೆಯೂ ಅದನ್ನೇ ಎತ್ತಿಹಿಡಿಯಿತು.

ಇಂಪ್ಲಾಂಟ್ ಯಾವ ಕಂಪನಿಯದು, ಎಷ್ಟು ವರ್ಷ ಬಾಳಿಕೆ ಎಂದು ಎಲ್ಲರೂ ಕೇಳುತ್ತಾರೆ. ಇಂಪ್ಲಾಂಟಿಗೂ ಸೆಟ್ಟಿಗೂ ನಡುವಿನ ಕೊಂಡಿ ಯಾವುದು ಎಂದು ಕೇಳುವವರು ಕಡಿಮೆ. ವೈದ್ಯರು ಇದನ್ನು ಅಟ್ಯಾಚ್‌ಮೆಂಟ್ ಎನ್ನುತ್ತಾರೆ. ಒಂದು ಭಾಗ ಸ್ಕ್ರೂ ಮೂಲಕ ಇಂಪ್ಲಾಂಟಿಗೆ, ಇನ್ನೊಂದು ಭಾಗ ಸೆಟ್ಟಿನ ಒಳಮೈಗೆ. ಅಗಿದ ಬಲ ಮೂಳೆಗೆ ಹೇಗೆ ಇಳಿಯುತ್ತದೆ, ಸೆಟ್ಟು ಎಲ್ಲಿ ಸೀಳುತ್ತದೆ, ವರ್ಷದಲ್ಲಿ ಎಷ್ಟು ಸಲ ಪೇಟೆಗೆ ಬರಬೇಕಾಗುತ್ತದೆ ಎಂಬುದೆಲ್ಲ ಈ ಸಣ್ಣ ಸಾಮಾನಿನ ಮೇಲೆ ನಿಂತಿದೆ. ಆದ್ದರಿಂದ ಈ ವಿಮರ್ಶೆ ಇಂಪ್ಲಾಂಟಿನದಲ್ಲ, ಕೊಂಡಿಗಳದು.

ಮೊದಲು ಬಲದ ಲೆಕ್ಕ. ಸ್ವಂತ ಹಲ್ಲಿನ ಬೇರಿನ ಸುತ್ತ ನಾರಿನ ಪದರ ಇರುತ್ತದೆ. ಅದರಿಂದಾಗಿ ಹಲ್ಲು ಅಗಿಯುವಾಗ 25ರಿಂದ 100 ಮೈಕ್ರಾನಿನಷ್ಟು (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿ.ಮೀ.) ಕೆಳಗಿಳಿದು ಮೇಲೇಳುತ್ತದೆ. ಮೂಳೆಗೆ ನೇರವಾಗಿ ಅಂಟಿಕೊಂಡ ಇಂಪ್ಲಾಂಟ್ ಅಲುಗುವುದು 3ರಿಂದ 5 ಮೈಕ್ರಾನ್ ಮಾತ್ರ. ಸೆಟ್ಟಿನ ಹಿಂಭಾಗ ಕೂತಿರುವ ವಸಡು ಅದಕ್ಕಿಂತ ಹಲವು ಪಟ್ಟು ತಗ್ಗುತ್ತದೆ. ಹಾಗಾಗಿ ದವಡೆಹಲ್ಲಿನ ಕಡೆ ಅಗಿದಾಗ ಸೆಟ್ಟಿನ ಹಿಂಭಾಗ ಇಳಿಯುತ್ತದೆ, ಮುಂಭಾಗದ ಇಂಪ್ಲಾಂಟ್ ಇದ್ದಲ್ಲೇ ಇರುತ್ತದೆ. ನಡುವಿನ ಕೊಂಡಿ ಸ್ವಲ್ಪ ತಿರುಗಲು ಬಿಟ್ಟರೆ ಭಾರ ವಸಡಿಗೂ ಹಂಚಿಹೋಗುತ್ತದೆ. ಬಿಡದಿದ್ದರೆ ಸೆಟ್ಟು ಸನ್ನೆಕೋಲಾಗಿ ಇಂಪ್ಲಾಂಟನ್ನು ಹಿಂದಕ್ಕೆ ಬಾಗಿಸುತ್ತದೆ.

ಇಂಪ್ಲಾಂಟ್ ನೇರ ಒತ್ತನ್ನು ಚೆನ್ನಾಗಿ ತಾಳುತ್ತದೆ. ಅದಕ್ಕೆ ಆಗದ್ದು ಅಡ್ಡಬಲ. ಅಡ್ಡಬಲ ಬಿದ್ದಾಗ ಒತ್ತಡ ಇಂಪ್ಲಾಂಟಿನ ಇಡೀ ಉದ್ದಕ್ಕೂ ಹರಡುವುದಿಲ್ಲ. ಕುತ್ತಿಗೆಯ ಸುತ್ತ, ಗಟ್ಟಿ ಮೂಳೆಯ ಮೊದಲ ಕೆಲವು ಮಿಲಿಮೀಟರಿನಲ್ಲೇ ಒಟ್ಟಾಗುತ್ತದೆ. ಅಲ್ಲಿ ಎಣಿಕೆಗೆ ಬರುವುದು ಬಲ ಮಾತ್ರವಲ್ಲ, ಬಲ ಬೀಳುವ ಜಾಗದ ಎತ್ತರ. ಮೂಳೆಯಿಂದ 5 ಮಿ.ಮೀ. ಮೇಲೆ 50 ನ್ಯೂಟನ್ ಅಡ್ಡಬಲ ಬಿದ್ದರೆ ಕುತ್ತಿಗೆಗೆ ಬರುವ ಬಾಗಿಸುವ ಬಲ 25 ನ್ಯೂಟನ್ ಸೆಂಟಿಮೀಟರ್. ಅದೇ ಬಲ 9 ಮಿ.ಮೀ. ಮೇಲೆ ಬಿದ್ದರೆ 45. ಅಡಿಕೆ ಕೊನೆ ತೆಗೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ದೋಟಿ ಉದ್ದವಾದಷ್ಟೂ ತುದಿಯ ಸಣ್ಣ ಎಳೆತವೂ ಕೈಗೆ ಭಾರ. ಕೊಂಡಿ ಎಷ್ಟು ಗಿಡ್ಡ ಎನ್ನುವುದೇ ನಮ್ಮ ಮೊದಲ ಅಳತೆಗೋಲು.

ಲೊಕೇಟರ್

ಅಮೆರಿಕದ ಜೆಸ್ಟ್ ಕಂಪನಿಯ ಈ ಕೊಂಡಿ ಮೇಲಿನ ಅಳತೆಯಲ್ಲಿ ಮೊದಲು ನಿಲ್ಲುತ್ತದೆ. ಹೊರಷಡ್ಭುಜದ, ಅಂದರೆ ತಲೆಯ ಮೇಲೆ ಆರು ಮೂಲೆಯ ಗುಬ್ಬಿ ಎದ್ದಿರುವ ಇಂಪ್ಲಾಂಟಿನ ಮೇಲೆ ಕೊಂಡಿ ಮತ್ತು ಕ್ಯಾಪ್ ಸೇರಿ ಎತ್ತರ 3.2 ಮಿ.ಮೀ. ಆಸುಪಾಸು. ಇಂಪ್ಲಾಂಟಿನ ತಲೆಯಿಂದ ಹಲ್ಲಿನ ತುದಿಯವರೆಗೆ ಎಂಟೂವರೆ, ಒಂಬತ್ತು ಮಿ.ಮೀ. ಜಾಗವಿದ್ದರೆ ಸಾಕು. ಬಾಲಿಗೆ 10ರಿಂದ 12, ಬಾರಿಗೆ 12ರಿಂದ 14 ಬೇಕು.

ಇಂಪ್ಲಾಂಟಿನ ಮೇಲೆ ಕೂರುವ ಭಾಗ ಚಿನ್ನದ ಬಣ್ಣದ್ದು. ಅದು ಟೈಟೇನಿಯಂ ನೈಟ್ರೈಡ್ ಲೇಪನ. ಸೆಟ್ಟಿನೊಳಗೆ ಲೋಹದ ಕ್ಯಾಪ್, ಅಂದರೆ ಹೌಸಿಂಗ್, ಅದರೊಳಗೆ ಬದಲಾಯಿಸಬಹುದಾದ ನೈಲಾನ್ ಇನ್ಸರ್ಟ್. ಇನ್ಸರ್ಟಿನ ನಡುಗೂಟ ಕೊಂಡಿಯ ನಡುವಿನ ಕುಳಿಗೆ ಇಳಿದು ಕೂರುತ್ತದೆ. ಬಣ್ಣ ನೋಡಿದರೆ ಬಿಗಿ, ಅಂದರೆ ಕಳಚಲು ಬೇಕಾದ ಎಳೆತ, ಗೊತ್ತಾಗುತ್ತದೆ: ನೀಲಿ ಸುಮಾರು 680 ಗ್ರಾಂ, ಗುಲಾಬಿ 1365 ಗ್ರಾಂ, ಬಣ್ಣವಿಲ್ಲದ ಬಿಳಿಯದು 2270 ಗ್ರಾಂ. ಇವು ಪ್ರತಿ ಇಂಪ್ಲಾಂಟ್ 10 ಡಿಗ್ರಿಯವರೆಗೆ ವಾಲಿದ್ದರೆ ಸರಿ. ಅದಕ್ಕಿಂತ ಹೆಚ್ಚು, 20 ಡಿಗ್ರಿಯವರೆಗೆ ವಾಲಿದ್ದರೆ ನಡುಗೂಟವಿಲ್ಲದ ಬೇರೆ ಸಾಲಿನ ಇನ್ಸರ್ಟ್‌ಗಳಿವೆ: ಕೆಂಪು, ಕಿತ್ತಳೆ, ಹಸಿರು, ಕ್ರಮವಾಗಿ ಬಿಗಿ ಹೆಚ್ಚುತ್ತ ಹೋಗುತ್ತವೆ. ವಾಲಿದ ಇಂಪ್ಲಾಂಟಿಗೆ ನಡುಗೂಟವಿರುವ ಗುಲಾಬಿಯನ್ನೇ ಹಾಕಿಬಿಡುವುದು ನೈಲಾನ್ ಬೇಗ ಹರಿಯಲು ಮುಖ್ಯ ಕಾರಣ. ಕೋನವನ್ನು ಕಣ್ಣಂದಾಜಿನಲ್ಲಿ ಬಿಡದೆ, ಪ್ಯಾರಲಲ್ ಪೋಸ್ಟ್ (ವಾಲಿಕೆ ತೋರಿಸುವ ಕಡ್ಡಿ) ಕೂರಿಸಿ ಕೋನಮಾಪಕದಿಂದ ಅಳೆಯಬೇಕು.

ಬಿಗಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ದೊಡ್ಡ ತೊಡಕು. ಎಪ್ಪತ್ತು ದಾಟಿದವರ ಬೆರಳಿಗೆ ಎರಡು ಬಿಳಿ ಇನ್ಸರ್ಟಿನ ಸೆಟ್ಟನ್ನು ಒಂದೇ ಸಮ ಎಬ್ಬಿಸುವುದು ಕಷ್ಟ. ಒಂದು ಕಡೆ ಮೊದಲು ಕಳಚುತ್ತದೆ, ಇನ್ನೊಂದು ಕಡೆ ತಿರುಚಿಕೊಂಡು ಬರುತ್ತದೆ. ಆ ತಿರುಚು ದಿನಕ್ಕೆರಡು ಸಲ ಇಂಪ್ಲಾಂಟಿನ ಕುತ್ತಿಗೆಗೆ ಅಡ್ಡಬಲ, ನೈಲಾನಿಗೆ ಸವೆತ. ಮಾತಾಡುವಾಗ, ಅಗಿಯುವಾಗ ಏಳದ ಇನ್ಸರ್ಟುಗಳಲ್ಲಿ ಅತಿ ಹಗುರವಾದದ್ದೇ ಸರಿಯಾದ ಇನ್ಸರ್ಟ್. ನೀಲಿಯಿಂದ ಶುರು ಮಾಡಿ, ಸಾಲದಿದ್ದರೆ ಗುಲಾಬಿ. ಬಿಳಿಯದು ಬೇಕಾಗುವ ಬಾಯಿ ವಿರಳ. ಗುಲಾಬಿ ಹಾಕಿದರೂ ಸೆಟ್ಟು ಏಳುತ್ತಿದ್ದರೆ ತೊಂದರೆ ಇನ್ಸರ್ಟಿನದಲ್ಲ. ಸೆಟ್ಟಿನ ಅಂಚು ಉದ್ದವಾಗಿದೆ, ಇಲ್ಲವೇ ಅಡಿ ವಸಡಿಗೆ ಕೂತಿಲ್ಲ.

ಕೊಂಡಿಯ ನಡುವಿನ ಕುಳಿಯಲ್ಲಿ ಎಳ್ಳು, ರವೆ, ಚಕ್ಕುಲಿ ಪುಡಿ ತುಂಬಿಕೊಳ್ಳುತ್ತದೆ. ತುಂಬಿದ ಕುಳಿಯ ಮೇಲೆ ಸೆಟ್ಟಿಟ್ಟು ಹಲ್ಲು ಕಚ್ಚಿ ಕೂರಿಸಿದರೆ ನೈಲಾನಿನ ನಡುಗೂಟ ಮುರಿಯುತ್ತದೆ. ಸೆಟ್ಟನ್ನು ಎರಡೂ ಕಡೆ ಬೆರಳಿನಿಂದ ಒತ್ತಿ ಕೂರಿಸಬೇಕು, ಕಚ್ಚಿ ಅಲ್ಲ. ಕುಳಿಯನ್ನು ಸಣ್ಣ ತಲೆಯ ಮೆತ್ತನೆ ಬ್ರಷ್ಷಿನಿಂದ ದಿನಾ ತೊಳೆಯಬೇಕು. ಬಿಳಿಚುವ ಬ್ಲೀಚ್ ದ್ರಾವಣದಲ್ಲಿ ಸೆಟ್ಟು ನೆನೆಸಿದರೆ ನೈಲಾನ್ ಹಿಡಿತ ಕಳೆದುಕೊಳ್ಳುತ್ತದೆ, ಹೌಸಿಂಗಿನ ಲೋಹಕ್ಕೂ ಅದು ಒಳ್ಳೆಯದಲ್ಲ.

ಕೊಂಡಿಯ ಕತ್ತಿನ ಎತ್ತರ ಆರಿಸುವುದರಲ್ಲೂ ತಪ್ಪಾಗುತ್ತದೆ. ವಸಡಿನ ದಪ್ಪ ಅಳೆದು, ಹಿಡಿತದ ಭಾಗ ವಸಡಿನ ಮೇಲೆ ಒಂದೂವರೆ ಮಿ.ಮೀ.ನಷ್ಟು ಕಾಣುವಂತೆ ಆರಿಸಬೇಕು. ಗಿಡ್ಡವಾದರೆ ವಸಡು ಮೇಲೇರಿ ಕ್ಯಾಪಿನಡಿ ಸಿಕ್ಕಿಕೊಳ್ಳುತ್ತದೆ. ಎತ್ತರವಾದರೆ ಮೇಲೆ ಹೇಳಿದ ಸನ್ನೆಕೋಲು ಉದ್ದವಾಗುತ್ತದೆ. ಡಬ್ಬಿಯಲ್ಲಿದ್ದ ಅಳತೆಯನ್ನೇ ಹಾಕಿ ಮುಗಿಸುವ ಕಡೆ ಈ ಕೆಲಸ ಮಾಡಿಸಬೇಡಿ.

ಬಾಲ್

ಇಂಪ್ಲಾಂಟಿನ ಮೇಲೆ ಗುಂಡು, ಸೆಟ್ಟಿನಲ್ಲಿ ರಬ್ಬರ್ ರಿಂಗು. ಹಳೆಯದು, ಅಗ್ಗದ್ದು, ಎಲ್ಲ ಕಡೆ ತಿರುಗಲು ಬಿಡುತ್ತದೆ. ಬಲ ಹಂಚುವ ಗುಣದಲ್ಲಿ ಇದನ್ನು ಕಡಿಮೆ ಎನ್ನುವಂತಿಲ್ಲ. ವಸಡಿಗೆ ಭಾರ ಬಿಟ್ಟುಕೊಡುವುದರಲ್ಲಿ ಮುಂದೆಯೇ ಇದೆ. ಇದರ ಕೊರತೆ ಎತ್ತರದ್ದು. ಗುಂಡಿಗೆ ಕುತ್ತಿಗೆ ಬೇಕು, ಮೇಲೆ ಹೌಸಿಂಗ್ ಬೇಕು, ಅದರ ಮೇಲೆ ಕನಿಷ್ಠ 2 ಮಿ.ಮೀ. ಅಕ್ರಿಲಿಕ್ (ಸೆಟ್ಟು ಮಾಡುವ ಪ್ಲಾಸ್ಟಿಕ್) ಬೇಕು. ಜಾಗವಿಲ್ಲದ ಬಾಯಿಯಲ್ಲಿ ಆ ಅಕ್ರಿಲಿಕ್ ತೆಳ್ಳಗಾಗಿ ಸೆಟ್ಟು ಸರಿಯಾಗಿ ಗುಂಡಿನ ನೆತ್ತಿಯ ಮೇಲೇ ಸೀಳುತ್ತದೆ.

ಎರಡು ಗುಂಡುಗಳು ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ರಿಂಗು ಒಂದೇ ಬದಿಯಲ್ಲಿ ಹರಿಯುತ್ತದೆ. ರಿಂಗಿನ ಬದಲು ಚಿನ್ನದ ಮಿಶ್ರಲೋಹದ ಎಸಳುಗಳಿರುವ ಡಾಲ್ಬೊ ಪ್ಲಸ್ ಮಾದರಿಯನ್ನು ಸಣ್ಣ ಚಾವಿಯಿಂದ ಬಿಗಿ ಮಾಡಬಹುದು, ಸಡಿಲಿಸಬಹುದು. ದುಬಾರಿ, ಆದರೆ ಪದೇ ಪದೇ ಬಿಡಿಭಾಗ ತರಿಸುವ ಗೋಜಿಲ್ಲ. ಜಾಗ ಸಾಕಷ್ಟಿದ್ದು, ಇಂಪ್ಲಾಂಟ್ ನೆಟ್ಟಗಿದ್ದು, ಖರ್ಚು ಹಿಡಿತದಲ್ಲಿರಬೇಕು ಎಂದರೆ ಬಾಲನ್ನು ಧೈರ್ಯವಾಗಿ ಒಪ್ಪಬಹುದು.

ಬಾರ್ ಮತ್ತು ಕ್ಲಿಪ್

ಎರಡು ಇಂಪ್ಲಾಂಟುಗಳನ್ನು ಲೋಹದ ಸರಳಿನಿಂದ ಜೋಡಿಸಿ, ಸೆಟ್ಟಿನ ಕ್ಲಿಪ್ ಆ ಸರಳನ್ನು ಕಚ್ಚುವಂತೆ ಮಾಡುವ ವಿಧಾನ. ಎರಡನ್ನೂ ಒಂದು ಮಾಡಿದ ಮೇಲೆ ಭಾರ ಹಂಚಿಹೋಗಿ ಮೂಳೆಗೆ ಹಗುರವಾಗುತ್ತದೆ ಎಂದು ಹೇಳಿ ಮಾರುತ್ತಾರೆ. ಇದು ಅರ್ಧ ನಿಜ. ಸರಳಿನ ಆಕಾರ, ದಿಕ್ಕು ಮತ್ತು ಕೂಡಿಕೆ ಮೂರೂ ಸರಿಯಿದ್ದರೆ ಮಾತ್ರ ಆ ಮಾತು ನಿಲ್ಲುತ್ತದೆ.

ಆಕಾರ: ಮೊಟ್ಟೆಯಾಕಾರದ ಡೋಲ್ಡರ್ ಬಾರ್ ಅಥವಾ ದುಂಡು ತಲೆಯ ಹೇಡರ್ ಬಾರಿನ ಮೇಲೆ ಕ್ಲಿಪ್ ತಿರುಗುತ್ತದೆ. ಬದಿಗಳು ನೆಟ್ಟಗಿರುವ ಬಾರ್ ತಿರುಗಲು ಬಿಡುವುದಿಲ್ಲ. ಅದು ನಾಲ್ಕು ಇಂಪ್ಲಾಂಟಿನ ಕೆಲಸಕ್ಕೆ ಸರಿ, ಎರಡಕ್ಕೆ ಅಲ್ಲ. ದಿಕ್ಕು: ಸರಳು ದವಡೆಯ ಮುಂಭಾಗಕ್ಕೆ ಅಡ್ಡಲಾಗಿ ನೇರ ಇರಬೇಕು. ದವಡೆಯ ಬಾಗಿಗೆ ಹೊಂದಿಸಿ ಬಳುಕಿಸಿದರೆ ತಿರುಗುವ ಅಕ್ಷವೇ ಇಲ್ಲವಾಗುತ್ತದೆ, ಜೊತೆಗೆ ನಾಲಿಗೆಗೂ ತುಟಿಗೂ ತಾಗುತ್ತದೆ. ಕ್ಲಿಪ್ ಕೂರಲು ಎರಡು ಇಂಪ್ಲಾಂಟಿನ ನಡುವೆ ಸುಮಾರು 20 ಮಿ.ಮೀ. ಇದ್ದರೆ ಅನುಕೂಲ. ಎರಡೇ ಇಂಪ್ಲಾಂಟ್ ಇದ್ದಾಗ ಸರಳನ್ನು ಅವುಗಳಿಂದ ಹಿಂದಕ್ಕೆ ಚಾಚುವುದು ಬೇಡವೇ ಬೇಡ. ಚಾಚಿದ ತುದಿಯ ಮೇಲೆ ಬಿದ್ದ ಭಾರವೆಲ್ಲ ಹತ್ತಿರದ ಇಂಪ್ಲಾಂಟಿನ ಹಿಂಬದಿ ಮೂಳೆಯನ್ನು ಅರೆಯುತ್ತದೆ.

ಕೂಡಿಕೆ ಎಲ್ಲಕ್ಕಿಂತ ಸೂಕ್ಷ್ಮ. ಎರಕದ ಸರಳು ಕೂದಲೆಳೆಯಷ್ಟು ವ್ಯತ್ಯಾಸವಾಗಿದ್ದರೂ ಸ್ಕ್ರೂ ಬಿಗಿಯುವಾಗ ಎರಡು ಇಂಪ್ಲಾಂಟುಗಳನ್ನು ಒಂದರ ಕಡೆಗೊಂದು ಎಳೆಯುತ್ತದೆ. ಬಾಯಿ ಮುಚ್ಚಿ ಸುಮ್ಮನೆ ಕೂತಾಗಲೂ, ನಿದ್ದೆಯಲ್ಲೂ ಆ ಎಳೆತ ಇರುತ್ತದೆ. ಅದನ್ನು ಹಿಡಿಯುವ ಸುಲಭ ಪರೀಕ್ಷೆ ಒಂದಿದೆ. ಒಂದು ತುದಿಯ ಸ್ಕ್ರೂ ಮಾತ್ರ ಬಿಗಿದು ಇನ್ನೊಂದು ತುದಿ ನೋಡಬೇಕು. ಅಲ್ಲಿ ಸರಳು ಎದ್ದರೆ, ಎಕ್ಸ್‌ರೇಯಲ್ಲಿ ಕಪ್ಪು ಗೆರೆ ಕಂಡರೆ, ಸರಳನ್ನು ಕತ್ತರಿಸಿ ಮತ್ತೆ ಬೆಸೆಯಬೇಕು. "ಸ್ಕ್ರೂ ಬಿಗಿದರೆ ಕೂರುತ್ತದೆ" ಎನ್ನುವ ಉತ್ತರವನ್ನು ಒಪ್ಪಬೇಡಿ. ಅಚ್ಚು ತೆಗೆಯುವಾಗಲೇ ಎರಡೂ ಕೋಪಿಂಗ್‌ಗಳನ್ನು (ಅಚ್ಚಿಗಾಗಿ ಇಂಪ್ಲಾಂಟಿನ ಮೇಲೆ ಕೂರಿಸುವ ತುಂಡುಗಳು) ರೆಸಿನ್ ಎಂಬ ರಾಳದಿಂದ ಜೋಡಿಸಿ, ರೆಸಿನ್ ಕುಗ್ಗುವುದನ್ನು ಸರಿದೂಗಿಸಲು ನಡುವೆ ಕತ್ತರಿಸಿ ಮತ್ತೆ ಚೂರು ರೆಸಿನ್ ಹಾಕಿ ಸೇರಿಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಕಂಪ್ಯೂಟರ್ ವಿನ್ಯಾಸದಲ್ಲಿ ಟೈಟೇನಿಯಂ ಗಟ್ಟಿಯಿಂದ ಕೊರೆದು ಮಾಡಿದ ಬಾರ್ ಎರಕದ್ದಕ್ಕಿಂತ ಚೆನ್ನಾಗಿ ಕೂರುತ್ತದೆ.

ಸರಳಿನಡಿ ಬ್ರಷ್ ಹೋಗುವಷ್ಟು ಸಂದು ಇರಬೇಕು. ಇಲ್ಲದಿದ್ದರೆ ವಸಡು ಊದಿ ಸರಳನ್ನೇ ಮುಚ್ಚುತ್ತದೆ. ಕಣ್ಣು ಮಂಜಾದ, ಕೈ ನಡುಗುವ ಹಿರಿಯರಿಗೆ ದಿನಾ ಆ ಸಂದು ತೊಳೆಯುವುದು ಆಗದ ಮಾತು. ಕೆಳದವಡೆಯ ಎರಡು ಇಂಪ್ಲಾಂಟಿಗೆ ಬಾರ್ ನಮ್ಮ ಮೊದಲ ಶಿಫಾರಸಲ್ಲ. ಇಂಪ್ಲಾಂಟುಗಳು ತೀರಾ ವಾಲಿದ್ದರೆ, ಅಥವಾ ಮೂಳೆ ಮೆತ್ತಗಿರುವ ಮೇಲ್ದವಡೆಯಲ್ಲಿ ನಾಲ್ಕು ಇಂಪ್ಲಾಂಟ್ ಹಾಕಿದ್ದರೆ ಮಾತ್ರ ಅದಕ್ಕೆ ಕೊಡುವ ಹಣ ಸಾರ್ಥಕ.

ಮ್ಯಾಗ್ನೆಟ್

ಇಂಪ್ಲಾಂಟಿನ ಮೇಲೆ ಲೋಹದ ತಲೆ, ಸೆಟ್ಟಿನಲ್ಲಿ ಅಯಸ್ಕಾಂತ. ಅಡ್ಡಬಲ ಅತಿ ಕಡಿಮೆ ದಾಟಿಸುವುದು ಇದೇ. ಬಲ ಹೆಚ್ಚಾದರೆ ಸೆಟ್ಟು ಜಾರಿಬಿಡುತ್ತದೆ. ಸಂಧಿವಾತದ ಕೈಗೂ ಹಾಕಲು ತೆಗೆಯಲು ಸುಲಭ. ಆದರೆ ಹಿಡಿತ ಕಡಿಮೆ, ಮೇಲಿನ ಕವಚ ಸವೆದರೆ ಜೊಲ್ಲಿನಲ್ಲಿ ತುಕ್ಕು ಹಿಡಿಯುತ್ತದೆ. ಎಂಆರ್‌ಐ ಸ್ಕ್ಯಾನಿಗೆ ಹೋಗುವಾಗ ಸೆಟ್ಟು ತೆಗೆದಿಡಬೇಕು. ಇಂಪ್ಲಾಂಟಿನ ಮೇಲೆ ಉಳಿಯುವ ಲೋಹದ ತಲೆಯ ವಿಷಯವನ್ನೂ ಅಲ್ಲಿ ಮೊದಲೇ ಹೇಳಬೇಕು.

ಅಧ್ಯಯನಗಳು ಯಾವ ಕಡೆ?

ಕಂಪ್ಯೂಟರ್ ಮಾದರಿಯಲ್ಲಿ, ಬೆಳಕಿನಡಿ ಬಣ್ಣದ ಪಟ್ಟಿ ತೋರುವ ರಾಳದ ದವಡೆಯಲ್ಲಿ, ಹಿಗ್ಗು ಕುಗ್ಗು ಅಳೆಯುವ ಸ್ಟ್ರೇನ್ ಗೇಜ್ ಅಂಟಿಸಿ ಈ ಕೊಂಡಿಗಳನ್ನು ಬಹಳ ಸಲ ಹೋಲಿಸಿದ್ದಾರೆ. ಕೆಲವು ಕಡೆ ಬಾರಿಗೆ ಕಡಿಮೆ ಒತ್ತಡ, ಕೆಲವು ಕಡೆ ಬಾಲಿಗೆ. ಭಾರವನ್ನು ಎಲ್ಲಿ, ಯಾವ ಕೋನದಲ್ಲಿ ಹಾಕಿದರು, ವಸಡನ್ನು ಎಷ್ಟು ಮೆತ್ತಗೆ ಎಂದುಕೊಂಡರು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಮಾದರಿಯಲ್ಲಿ ಮೂಳೆ ಎಲ್ಲ ಕಡೆ ಒಂದೇ ಸಮ, ಇಂಪ್ಲಾಂಟ್ ನೂರಕ್ಕೆ ನೂರು ಅಂಟಿದೆ ಎಂದು ಹಿಡಿಯುತ್ತಾರೆ, ಬಾಯಿ ಹಾಗಿರುವುದಿಲ್ಲ. ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ, ಕೆಳದವಡೆಯಲ್ಲಿ ಜೋಡಿಸಿದ ಇಂಪ್ಲಾಂಟಿಗೂ ಬಿಡಿ ಇಂಪ್ಲಾಂಟಿಗೂ ಕುತ್ತಿಗೆಯ ಮೂಳೆ ಸವೆತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಕೊಂಡಿಯ ಹೆಸರಿಗಿಂತ ಅದನ್ನು ಕೂರಿಸಿದ ರೀತಿ ದೊಡ್ಡದು ಎಂಬ ನಮ್ಮ ನಿಲುವಿಗೆ ಇದೇ ಆಧಾರ.

ಕೂರಿಸುವ ಕೆಲಸ

ಸೆಟ್ಟು ಮೊದಲು ವಸಡಿನ ಮೇಲೆ ತಾನಾಗಿ ಚೆನ್ನಾಗಿ ಕೂರಬೇಕು. ಆಮೇಲೆ ಹೌಸಿಂಗಿಗೆ ಒಳಮೈಯಲ್ಲಿ ಗುಳಿ ಕೊರೆಯಬೇಕು. ಗುಳಿ ಎಲ್ಲೂ ಹೌಸಿಂಗಿಗೆ ತಾಗುತ್ತಿಲ್ಲವೆಂದು ಒತ್ತು ತೋರಿಸುವ ಪೇಸ್ಟ್ ಹಚ್ಚಿ ಖಾತ್ರಿ ಮಾಡಿಕೊಳ್ಳಬೇಕು. ಒಂದೇ ಚುಕ್ಕೆ ತಾಗಿದ್ದರೂ ಸೆಟ್ಟು ಅದರ ಮೇಲೆ ತೂಗಾಡುತ್ತದೆ. ಕೊಂಡಿಯ ಸುತ್ತ ಬಿಳಿ ಸ್ಪೇಸರ್ ರಿಂಗು, ಮೇಲೆ ಕಪ್ಪು ಇನ್ಸರ್ಟ್ (ಕೂರಿಸುವ ಕೆಲಸಕ್ಕೆ ಮಾತ್ರ ಬಳಸುವ ತಾತ್ಕಾಲಿಕ ಇನ್ಸರ್ಟ್) ಇರುವ ಹೌಸಿಂಗ್. ರಿಂಗು ಮರೆತರೆ ಅಕ್ರಿಲಿಕ್ ಕೊಂಡಿಯ ಕತ್ತಿನಡಿಗೆ ಹರಿದು ಸೆಟ್ಟು ಬಾಯಲ್ಲೇ ಬೀಗ ಹಾಕಿದಂತಾಗುತ್ತದೆ. ಆಗ ಕೊರೆದೇ ತೆಗೆಯಬೇಕು. ಹೆಚ್ಚಿನ ಅಕ್ರಿಲಿಕ್ ಹೊರಬರಲು ನಾಲಿಗೆ ಬದಿಯಲ್ಲಿ ಸಣ್ಣ ತೂತು ಇಡಬೇಕು.

ಅಕ್ರಿಲಿಕ್ ಗಟ್ಟಿಯಾಗುವವರೆಗೆ ರೋಗಿ ಹಲ್ಲುಗಳನ್ನು ಮೆಲ್ಲಗೆ ತಾಗಿಸಿಕೊಂಡಿರಬೇಕು. "ಗಟ್ಟಿ ಕಚ್ಚಿ ಹಿಡಿಯಿರಿ" ಎಂದರೆ ವಸಡು ಒತ್ತಿಹೋದ ಸ್ಥಿತಿಯಲ್ಲೇ ಹೌಸಿಂಗ್ ಅಂಟುತ್ತದೆ. ಬಾಯಿ ಬಿಟ್ಟ ಮೇಲೆ ವಸಡು ಮೇಲೇಳುತ್ತದೆ, ಸೆಟ್ಟನ್ನು ಎತ್ತಲು ನೋಡುತ್ತದೆ, ಕೊಂಡಿ ಅದನ್ನು ಕೆಳಗೆ ಎಳೆಯುತ್ತದೆ. ಅಂಥ ಸೆಟ್ಟಿನಲ್ಲಿ ಇನ್ಸರ್ಟುಗಳಿಗೆ ಬಿಡುವೇ ಇಲ್ಲ, ಅವು ಬೇಗ ಸವೆಯುತ್ತವೆ. ಕೊನೆಗೆ ಕಪ್ಪು ಇನ್ಸರ್ಟ್ ಕಿತ್ತು ನೀಲಿ ಹಾಕಬೇಕು.

ಕೊಂಡಿಯ ಸ್ಕ್ರೂ ಬಿಗಿಯುವುದು ಟಾರ್ಕ್ ರೆಂಚಿನಿಂದಲೇ, ಅಂದರೆ ತಿರುಚುವ ಬಲ (ಟಾರ್ಕ್) ಎಷ್ಟೆಂದು ತೋರಿಸುವ ಚಾವಿಯಿಂದ. ಅನೇಕ ಸಿಸ್ಟಂಗಳಲ್ಲಿ ಅದು 30 ನ್ಯೂಟನ್ ಸೆಂಟಿಮೀಟರ್ ಆಸುಪಾಸು. ಇಂಪ್ಲಾಂಟ್ ಕಂಪನಿ ಕೊಟ್ಟ ಅಂಕಿಯನ್ನು ಮೀರಬಾರದು. ಮೊದಲ ಬಿಗಿಯ ನಂತರ ಎಳೆಗಳು ಒಂದಕ್ಕೊಂದು ಹೊಂದಿಕೊಂಡು ಬಿಗಿ ಚೂರು ಇಳಿಯುತ್ತದೆ. ಆದ್ದರಿಂದ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಅದೇ ಅಂಕಿಗೆ ಬಿಗಿಯಬೇಕು. ಬೆರಳಿನ ಬಿಗಿ ನಂಬಿದ ಸ್ಕ್ರೂ ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ, ಸಡಿಲ ಸ್ಕ್ರೂ ಬಾಗುತ್ತದೆ, ಬಾಗಿದ್ದು ಮುರಿಯುತ್ತದೆ.

ಸೆಟ್ಟಲ್ಲದೆ ಬಿಡಿ ಹಲ್ಲು ಅಥವಾ ಬ್ರಿಜ್ ಕೂರಿಸುವವರಿಗೆ ಒಂದು ಮಾತು. ಸಿಮೆಂಟಿನಿಂದ ಅಂಟಿಸಿದ್ದು ಚೂರು ವ್ಯತ್ಯಾಸವನ್ನು ಸಿಮೆಂಟಿನ ಪದರದಲ್ಲಿ ನುಂಗಿಕೊಳ್ಳುತ್ತದೆ, ಆದರೆ ವಸಡಿನಡಿ ಉಳಿದ ಸಿಮೆಂಟ್ ಇಂಪ್ಲಾಂಟಿನ ಸುತ್ತ ಕೀವಿಗೆ ದಾರಿ. ಸ್ಕ್ರೂ ಹಾಕಿದ್ದನ್ನು ಬೇಕಾದಾಗ ಬಿಚ್ಚಿ ತೊಳೆಯಬಹುದು. ದೂರದ ಊರಿನವರಿಗೆ ನಮ್ಮ ಮತ ಸ್ಕ್ರೂವಿಗೆ.

ಮಲೆನಾಡಿನ ಬಾಯಿಗೆ

ಇಲ್ಲಿ ಕವಳದ, ಅಂದರೆ ಎಲೆಅಡಿಕೆಯ, ಲೆಕ್ಕ ಹಿಡಿಯದೆ ಕೊಂಡಿ ಆರಿಸುವಂತಿಲ್ಲ. ಕವಳ ಸಾಮಾನ್ಯವಾಗಿ ಒಂದೇ ದವಡೆಯಲ್ಲಿ, ಗಂಟೆಗಟ್ಟಲೆ. ಗಟ್ಟಿ ಅಡಿಕೆ ಒಂದೇ ಬದಿಯಲ್ಲಿ ಅರೆಯುವಾಗ ಸೆಟ್ಟು ಆ ಕಡೆ ಇಳಿದು ಈ ಕಡೆ ಏಳುತ್ತದೆ, ಒಂದು ಇಂಪ್ಲಾಂಟಿಗೆ ಅಡ್ಡಬಲ ಮೇಲಿಂದ ಮೇಲೆ. ವರ್ಷಗಟ್ಟಲೆ ಅಡಿಕೆ ಹಾಕಿದವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗಿರಬಹುದು. ಅಂಥವರಿಗೆ ಉದ್ದ ಸ್ಕ್ರೂಡ್ರೈವರ್ ಬಾಯೊಳಗೆ ಹೋಗುವುದಿಲ್ಲ, ಬಾರ್ ಕೂರಿಸುವುದೂ ಬಿಚ್ಚುವುದೂ ಕಷ್ಟ. ಗಿಡ್ಡ ಬಿಡಿ ಕೊಂಡಿಯೇ ದಾರಿ. ಅಡಿಕೆ ಬಿಡುವುದು ಮೊದಲ ಚಿಕಿತ್ಸೆ, ಬಾಯಿಯ ಕ್ಯಾನ್ಸರಿನ ದೃಷ್ಟಿಯಿಂದಲೂ. ಬಿಡದವರ ಸೆಟ್ಟಿಗೆ ಕೋಬಾಲ್ಟ್ ಕ್ರೋಮಿಯಂ ಜಾಲರಿ ಒಳಗಿಟ್ಟು ಮಾಡಿಸುವುದು ಅಗತ್ಯ.

ಇನ್ನೊಂದು, ದೂರ. ಹೊಸನಗರದ ಒಳಗಿನ ಹಳ್ಳಿಯಿಂದಲೋ ಆಗುಂಬೆ ಕಡೆಯಿಂದಲೋ ಆಷಾಢದ ಮಳೆಯಲ್ಲಿ ಒಂದು ನೈಲಾನ್ ಚೂರಿಗಾಗಿ ಶಿವಮೊಗ್ಗಕ್ಕೆ ಬರುವುದು ಸಣ್ಣ ಕೆಲಸವಲ್ಲ. ಮಕ್ಕಳ ಮನೆಗೆ ಬೆಂಗಳೂರಿಗೆ ಹೋದಾಗ ಇಂಪ್ಲಾಂಟ್ ಹಾಕಿಸಿಕೊಂಡು ಬಂದವರದು ಇನ್ನೂ ಕಷ್ಟ. ಇಲ್ಲಿನ ವೈದ್ಯರಿಗೆ ಅದು ಯಾವ ಇಂಪ್ಲಾಂಟ್ ಎಂದೇ ತಿಳಿಯುವುದಿಲ್ಲ. ಲೊಕೇಟರಿನಲ್ಲಿ ಒಂದು ಅನುಕೂಲವಿದೆ. ಕೆಳಗಿನ ಭಾಗ ಇಂಪ್ಲಾಂಟ್ ಕಂಪನಿಗೆ ತಕ್ಕಂತೆ ಬೇರೆಯಾದರೂ ಮೇಲಿನ ಇನ್ಸರ್ಟ್ ಎಲ್ಲಕ್ಕೂ ಒಂದೇ. ಅದನ್ನೇ ಹೋಲುವ ಅಗ್ಗದ ನಕಲುಗಳಲ್ಲಿ ಅಳತೆ ಚೂರು ಬೇರೆ ಇರುತ್ತದೆ. ಅಸಲಿ ಇನ್ಸರ್ಟ್ ಅದರ ಮೇಲೆ ಸಡಿಲವೋ ಅತಿ ಬಿಗಿಯೋ ಆಗುತ್ತದೆ.

ಹಣ ಕಟ್ಟುವ ಮೊದಲು ಬರೆಸಿಕೊಳ್ಳಬೇಕಾದದ್ದು: ಇಂಪ್ಲಾಂಟಿನ ಹೆಸರು, ವ್ಯಾಸ, ಉದ್ದ, ಕೊಂಡಿಯ ಹೆಸರು ಮತ್ತು ಕತ್ತಿನ ಎತ್ತರ, ಹಾಕಿದ ಇನ್ಸರ್ಟಿನ ಬಣ್ಣ, ಬಿಗಿದ ಟಾರ್ಕ್. ಒಂದು ಜೊತೆ ಇನ್ಸರ್ಟ್ ಹೆಚ್ಚಿಗೆ ಕೇಳಿ ಮನೆಯಲ್ಲಿಟ್ಟುಕೊಂಡರೆ ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಹತ್ತಿರದ ದಂತವೈದ್ಯರೇ ಬದಲಾಯಿಸಿಕೊಡಬಹುದು. ಕೃತಕ ದಂತ ವಿಭಾಗದ ತಜ್ಞರು ಬೇಕೆಂದರೆ ಶಿವಮೊಗ್ಗದಲ್ಲಿ ಶರಾವತಿ ದಂತ ವೈದ್ಯಕೀಯ ಕಾಲೇಜಿದೆ.

ಆರು ತಿಂಗಳಿಗೊಮ್ಮೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ: ಸೆಟ್ಟು ಹಾಕಿಕೊಂಡು ಬಲಗಡೆಯ ಕೊನೆಹಲ್ಲನ್ನು ಬೆರಳಿನಿಂದ ಒತ್ತಿ, ಆಮೇಲೆ ಎಡಗಡೆಯದು. ಒತ್ತದ ಕಡೆ ಎದ್ದರೆ, ಅಥವಾ ಸೆಟ್ಟು ಮುಂದಿನ ಎರಡು ಕೊಂಡಿಗಳ ಮೇಲೆ ತೂಗಿದರೆ, ಹಿಂಭಾಗದ ಮೂಳೆ ಕರಗಿ ಅಡಿಯಲ್ಲಿ ಜಾಗವಾಗಿದೆ ಎಂದರ್ಥ. ಅದಕ್ಕೆ ಬೇಕಾದದ್ದು ಬಿಗಿಯಾದ ಇನ್ಸರ್ಟ್ ಅಲ್ಲ, ರಿಲೈನಿಂಗ್: ಸೆಟ್ಟಿನ ಅಡಿಗೆ ಹೊಸ ಅಕ್ರಿಲಿಕ್ ಪದರ. ರಿಲೈನ್ ಮಾಡುವಾಗ ಬಣ್ಣದ ಇನ್ಸರ್ಟ್ ತೆಗೆದು ಕಪ್ಪನ್ನು ಹಾಕಿರಬೇಕು, ಅಚ್ಚು ತೆಗೆಯುವಾಗ ಸೆಟ್ಟನ್ನು ಮುಂಭಾಗದಲ್ಲಿ, ಕೊಂಡಿಗಳ ಮೇಲೆ ಬೆರಳಿನಿಂದ ಹಿಡಿದಿರಬೇಕು, ಹೊಸ ಇನ್ಸರ್ಟ್ ಎಲ್ಲಕ್ಕಿಂತ ಕೊನೆಗೆ.